ಎಣಿಕೆ ತಪ್ಪಿತು ಎಂಬ ಮಾತು

ಆಂಗ್ಲ ಭಾಷೆಯ ‘ಮಿಸ್‌ಕ್ಯಾಲ್ಕ್ಯುಲೇಶನ್’ ಎಂಬ ನಾಮಪದವು ನಮ್ಮ ವಿದ್ಯಾವಂತ ಮನೆತನಗಳ ಮಾತುಕತೆಯಲ್ಲಿ ಸಲೀಸಾಗಿ ಸುಳಿದಾಡುತ್ತಿದೆ. ಮದುವೆಯ ಅಡುಗೆ ಸಾಲದೆ ಹೋದರೂ ಅದೇ ಮಾತು. ನಂಬಿದ ಪಾಲುದಾರನು ನಡುನೀರಿನಲ್ಲಿ ಕೈಬಿಟ್ಟರೂ ಅದೇ ಮಾತು. ಒಂದು ಅಂಕಿಯ ತಪ್ಪು, ಇನ್ನೊಂದು ವಿವೇಚನೆಯ ತಪ್ಪು. ಈ ಎರಡು ಭಾರಗಳನ್ನು ಒಂದೇ ಪದವು ಹೊತ್ತ ಬಗೆಯನ್ನು ವಾಚಕ ಬಂಧುಗಳೊಡನೆ ವಿಚಾರಿಸಬೇಕೆಂದು ನಾವು ಬಯಸಿದ್ದೇವೆ.

ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಲ್ಕ್ಯುಲಸ್’ ಎಂದರೆ ಸಣ್ಣ ಹರಳು. ಪ್ರಾಚೀನ ರೋಮನರು ಹಲಗೆಯ ಮೇಲೆ ಹರಳುಗಳನ್ನು ಸರಿಸಿ ಲೆಕ್ಕ ಹಾಕುತ್ತಿದ್ದರು. (ಮೂತ್ರಪಿಂಡದ ಕಲ್ಲಿಗೆ ವೈದ್ಯರು ಇಂದಿಗೂ ಈ ಹೆಸರನ್ನೇ ಬಳಸುವುದುಂಟು.) ಹರಳಿನ ಲೆಕ್ಕವೇ ಮುಂದೆ ಮನಸ್ಸಿನ ಲೆಕ್ಕವೂ ಆಯಿತು. ಇದರಲ್ಲಿ ನಮಗೆ ಆಶ್ಚರ್ಯವೇನೂ ಇಲ್ಲ. ಕನ್ನಡಿಗರು ಹಣವನ್ನೂ ಎಣಿಸುತ್ತಾರೆ, ‘ಹೀಗಾದೀತೆಂದು ಎಣಿಸಿರಲಿಲ್ಲ’ ಎಂದೂ ನಿಟ್ಟುಸಿರಿಡುತ್ತಾರೆ.

ಅಂಕಿಯ ತಪ್ಪಿಗೆ ಪ್ರಸಿದ್ಧ ನಿದರ್ಶನವು ಕೆನಡಾ ದೇಶದ್ದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಾಗಿತ್ತು. ಇಂಧನ ಮಾಪಕ ಕೆಟ್ಟಿದ್ದುದರಿಂದ ಕೈಲೆಕ್ಕ ಮಾಡಿದವರು ಕಿಲೋಗ್ರಾಮಿನ ಬದಲು ಪೌಂಡಿನ ಗುಣಕವನ್ನು ಬಳಸಿದರು. ಬೇಕಾದುದರ ಅರ್ಧಕ್ಕಿಂತ ಕಡಿಮೆ ಇಂಧನದೊಡನೆ ಹಾರಿದ ವಿಮಾನದ ಎರಡೂ ಯಂತ್ರಗಳು ಆಕಾಶಮಧ್ಯದಲ್ಲಿಯೇ ನಿಂತುಹೋದವು. ಚಾಲಕರು ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಗೆ ಅದನ್ನು ತೇಲಿಸಿಕೊಂಡೇ ತಂದಿಳಿಸಿದರು. 69 ಮಂದಿಯೂ ಬದುಕಿದರು. ಇಂತಹ ತಪ್ಪನ್ನು ಶಾಲೆಯ ಬಾಲಕನೂ ಕಾಗದದ ಮೇಲೆ ಮತ್ತೆ ಗುಣಿಸಿ ತೋರಿಸಬಲ್ಲನು.

ವಿವೇಚನೆಯ ತಪ್ಪು ಹಾಗಲ್ಲ. ಅಲ್ಲಿ ಎಣಿಸಬೇಕಾದುದು ಹರಳನ್ನಲ್ಲ, ಎದುರಾಳಿಯ ಮನಸ್ಸನ್ನು. 1961ರ ಜೂನ್ 3 ಮತ್ತು 4ರಂದು ವಿಯೆನ್ನಾ ನಗರದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರೂ ಸೋವಿಯತ್ ನಾಯಕ ಕ್ರುಶ್ಚೇವರೂ ಸಂಧಿಸಿದರು. ಒಬ್ಬರು ಇನ್ನೊಬ್ಬರ ಉದ್ದೇಶವನ್ನು ತಪ್ಪಾಗಿ ಎಣಿಸಿದರೆ ಯುದ್ಧವೇ ಘಟಿಸೀತೆಂಬ ಭಯ ಕೆನಡಿಯವರದು. ಆದಕಾರಣ ಅವರು ‘ಮಿಸ್‌ಕ್ಯಾಲ್ಕ್ಯುಲೇಶನ್’ ಎಂಬ ಪದವನ್ನು ಮತ್ತೆ ಮತ್ತೆ ಆಡಿದರು. ಕ್ರುಶ್ಚೇವರು ಕೆರಳಿದರು. ಈ ಪದ ಅಸ್ಪಷ್ಟವಾದುದು, ನಮ್ಮ ದೇಶವು ಶಾಲಾಬಾಲಕನಂತೆ ಮೇಜಿನ ಮೇಲೆ ಕೈಯಿಟ್ಟು ಕುಳಿತಿರಬೇಕೆಂಬುದು ನಿಮ್ಮ ಇಚ್ಛೆಯೇ ಎಂಬರ್ಥದ ಮಾತು ಅವರಿಂದ ಬಂದಿತು. ಕೆನಡಿಯವರು ವಿವರಿಸಿದರು: ಕೊರಿಯಾ ಯುದ್ಧದಲ್ಲಿ ಚೀನಾ ಏನು ಮಾಡೀತೆಂಬುದನ್ನು ಅಮೆರಿಕವೂ ಮುಂಗಾಣಲಿಲ್ಲ, ಕ್ಯೂಬಾದ ವಿಷಯದಲ್ಲಿ ತಮ್ಮ ನಿರ್ಣಯವೂ ತಪ್ಪಿತು. ವಾಸ್ತವವಾಗಿ ಅವರು ತಮ್ಮನ್ನೂ ಸೇರಿಸಿಯೇ ಆ ಪದವನ್ನು ಆಡಿದ್ದರು. ಕೇಳಿದವರಿಗೆ ಮಾತ್ರ ಅದು ‘ನಿಮಗೆ ಎಣಿಸಲು ಬಾರದು’ ಎಂಬ ಚುಚ್ಚುಮಾತಾಗಿ ತಾಕಿತು!

ನಮ್ಮ ಮನೆಗಳಲ್ಲಿಯೂ ಇದೇ ತೊಡಕು ಸಂಭವಿಸುತ್ತದೆ. ಮಗನ ಓದಿನ ವೆಚ್ಚದಲ್ಲಿ ಅಂಕಿ ಏರುಪೇರಾದರೆ ‘ಲೆಕ್ಕ ತಪ್ಪಿತು’ ಎನ್ನಬಹುದು, ಯಾರಿಗೂ ನೋವಿಲ್ಲ. ಸೊಸೆಯ ಸ್ವಭಾವದ ವಿಷಯದಲ್ಲಿ ಅತ್ತೆಯು ಅದೇ ಮಾತನ್ನಾಡಿದರೆ, ಒಂದು ಜೀವವನ್ನು ಹರಳಿನಂತೆ ಸರಿಸಿದಂತಾಗುತ್ತದೆ. ಅಲ್ಲಿ ‘ನಾನು ತಿಳಿದುಕೊಂಡದ್ದು ಸರಿಯಲ್ಲ’ ಎಂಬ ನೇರವಾದ ಕನ್ನಡವೇ ಲೇಸೆಂದು ನಮ್ಮ ಅಭಿಪ್ರಾಯ.

ಇನ್ನು, ಈ ಪದದಲ್ಲಿ ಕಪಟದ ಅರ್ಥವಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಸರಿಯಾಗಿ ಎಣಿಸಹೊರಟು ತಪ್ಪಿದವನಿಗೆ ಮಾತ್ರ ಅದು ಸಲ್ಲುತ್ತದೆ. ಸಂಘದ ಹಣವನ್ನು ತಿಳಿದೂ ತಿಳಿದೂ ತಪ್ಪಾಗಿ ಬರೆದವನು ‘ಮಿಸ್‌ಕ್ಯಾಲ್ಕ್ಯುಲೇಶನ್ ಆಯಿತು’ ಎಂದರೆ, ಅವನು ಆಂಗ್ಲ ಭಾಷೆಗೂ ಅನ್ಯಾಯ ಮಾಡುತ್ತಿದ್ದಾನೆ. ಆ ಕೃತ್ಯಕ್ಕೆ ಆ ಭಾಷೆಯಲ್ಲಿ ‘ಫ್ರಾಡ್’ ಎಂಬ ಪದವು ಬೇರೆಯೇ ಇದೆ.