ಬಿಡಿಭಾಗ ಬದಲಾಯಿಸಿದ ನಂತರ ಗಣಕಯಂತ್ರ ಚಾಲನೆಗೊಳ್ಳದಿದ್ದಲ್ಲಿ: ಅರ್ಜಿದಾರರ ಮಾಹಿತಿಗಾಗಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಹಾಗೂ ಸೇವಾ ಸಿಂಧು ಸೇವೆಗಳನ್ನು ಸ್ವಂತ ಗಣಕಯಂತ್ರದ ಮೂಲಕವೇ ಕೋರಬಹುದಾಗಿದೆ. ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು 14-10-2025ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ್ದರಿಂದ ಹಳೆಯ ಯಂತ್ರಗಳಿಗೆ ಹೊಸ ಬಿಡಿಭಾಗ ಅಳವಡಿಸುವ ಅಗತ್ಯ ಅನೇಕರಿಗೆ ಉಂಟಾಗಿದೆ. ಅಳವಡಿಸಿದ ನಂತರ ಯಂತ್ರ ಚಾಲನೆಗೊಳ್ಳದಿದ್ದರೆ ಅದು ಕೆಟ್ಟುಹೋಯಿತೆಂದು ಭಾವಿಸಬೇಕಾಗಿಲ್ಲ. ದೋಷವು ಬಹುಮಟ್ಟಿಗೆ ಕೊನೆಯದಾಗಿ ಕೈ ಹಾಕಿದ ಸ್ಥಳದಲ್ಲಿಯೇ ಇರುತ್ತದೆ.

ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ

ಯಂತ್ರದ ದುರಸ್ತಿಗಾಗಿ ಕಾಯದೆ ಹತ್ತಿರದ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವುದು ಸೂಕ್ತ. ಈಗಾಗಲೇ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ದೊರೆತಿರುವ ಅರ್ಜಿಗೆ ಯಂತ್ರದ ದೋಷದಿಂದ ಯಾವುದೇ ಬಾಧೆಯಿಲ್ಲ. ಮನೆಯ ಯಂತ್ರದಲ್ಲಿ ಉಳಿಸಿದ ದಾಖಲೆಗಳೂ ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನಲ್ಲಿ ಸುರಕ್ಷಿತವಾಗಿರುತ್ತವೆ.

ಮುನ್ನೆಚ್ಚರಿಕೆ

ಪ್ಲಗ್ಗನ್ನು ಸಂಪೂರ್ಣವಾಗಿ ಕಳಚಿ, ಚಾಲನಾ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದ ನಂತರವೇ ಪೆಟ್ಟಿಗೆ ತೆರೆಯತಕ್ಕದ್ದು. ಒಣ ಹವೆಯಲ್ಲಿ ಮೈಮೇಲಿನ ಸ್ಥಿರ ವಿದ್ಯುತ್ ಬಿಡಿಭಾಗಗಳಿಗೆ ಹಾನಿಯುಂಟುಮಾಡಬಹುದಾದ್ದರಿಂದ, ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟತಕ್ಕದ್ದು.

ಪರಿಶೀಲನೆಯ ಕ್ರಮ

1. ಗೋಡೆಯ ಸಾಕೆಟ್‌ಗೆ ಬೇರೊಂದು ಉಪಕರಣ ಜೋಡಿಸಿ ವಿದ್ಯುತ್ ಬರುತ್ತಿದೆಯೇ ಎಂದು ನೋಡುವುದು. ಯಂತ್ರದ ಹಿಂಬದಿಯ ಸ್ವಿಚ್ ಚಾಲೂ ಸ್ಥಿತಿಯಲ್ಲಿರಬೇಕು. ಹಳೆಯ ಎಸ್‌ಎಂಪಿಎಸ್‌ನಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದಲ್ಲಿ ಅದು 230ರಲ್ಲಿಯೇ ಇರತಕ್ಕದ್ದು.

2. ಮದರ್‌ಬೋರ್ಡಿಗೆ 24 ಪಿನ್ನಿನ ದೊಡ್ಡ ಸಂಪರ್ಕದ ಜೊತೆಗೆ ಪ್ರೊಸೆಸರ್ ಸಮೀಪ 4 ಅಥವಾ 8 ಪಿನ್ನಿನ ಪ್ರತ್ಯೇಕ ಸಂಪರ್ಕವೂ ಬೇಕು. ಎರಡನೆಯದು ಹಲವು ಬಾರಿ ಮರೆತುಹೋಗುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ನೋಡಲು ಹಾಗೆಯೇ ಇದ್ದರೂ ಬೇರೆಯಾಗಿದ್ದು, ಅದನ್ನು ಇಲ್ಲಿ ಬಲವಂತವಾಗಿ ತುರುಕಬಾರದು.

3. ಮುಂಬದಿಯ ಚಾಲನಾ ಗುಂಡಿಯಿಂದ ಬರುವ ಎರಡು ಪಿನ್ನಿನ ಸಣ್ಣ ತಂತಿ ಕಳಚಿಕೊಂಡಿದ್ದರೆ ಗುಂಡಿ ಒತ್ತಿದರೂ ಪರಿಣಾಮವಿರುವುದಿಲ್ಲ.

4. ರ‍್ಯಾಮ್ ಪಟ್ಟಿಯನ್ನು ತೆಗೆದು, ಕೊಂಡಿ ಬೀಳುವವರೆಗೆ ಮತ್ತೆ ಒತ್ತಿ ಕೂರಿಸುವುದು. ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳ ಕಚ್ಚು ಬೇರೆ ಬೇರೆ ಸ್ಥಾನದಲ್ಲಿದ್ದು, ಒಂದರ ಬದಲು ಇನ್ನೊಂದನ್ನು ಬಳಸಲು ಬರುವುದಿಲ್ಲ.

5. ಮದರ್‌ಬೋರ್ಡಿನ ಕೆಳಗೆ ಬಿದ್ದ ತಿರುಪು ಅಥವಾ ತಪ್ಪು ಸ್ಥಾನದ ಲೋಹದ ಆಧಾರದಿಂದ ಶಾರ್ಟ್ ಸರ್ಕ್ಯೂಟ್ ಆಗಿ, ಫ್ಯಾನ್ ಕ್ಷಣಕಾಲ ತಿರುಗಿ ನಿಲ್ಲಬಹುದು.

6. ಇಷ್ಟಾದರೂ ಫಲ ದೊರೆಯದಿದ್ದಲ್ಲಿ ಹೊಸ ಭಾಗವನ್ನು ತೆಗೆದು ಹಳೆಯದನ್ನು ಮರಳಿ ಜೋಡಿಸುವುದು. ಯಂತ್ರ ಚಾಲನೆಗೊಂಡರೆ ಹೊಸ ಭಾಗ ದೋಷಯುಕ್ತವಾಗಿರಬಹುದು, ಹೊಂದಾಣಿಕೆಯಾಗದಿರಬಹುದು ಅಥವಾ ಅದಕ್ಕೆ ಎಸ್‌ಎಂಪಿಎಸ್‌ನ ವ್ಯಾಟ್ ಸಾಮರ್ಥ್ಯ ಸಾಲದಿರಬಹುದು. ಪ್ರೊಸೆಸರ್ ಬದಲಾಯಿಸಿದ್ದಲ್ಲಿ, ಹಳೆಯ ಪ್ರೊಸೆಸರ್ ಇರುವಾಗಲೇ ಮದರ್‌ಬೋರ್ಡಿನ ಬಯಾಸ್ ಪರಿಷ್ಕರಿಸಬೇಕಾಗಬಹುದು.

ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದಲ್ಲಿ, ವಿದ್ಯುತ್ ತಲುಪುತ್ತಿದೆ ಎಂದರ್ಥ. ಅಂತಹ ಸಂದರ್ಭದಲ್ಲಿ ರ‍್ಯಾಮ್ ಹಾಗೂ ಮಾನಿಟರ್ ತಂತಿಯನ್ನು ಮೊದಲು ನೋಡತಕ್ಕದ್ದು.

ವಿಶೇಷ ಸೂಚನೆ

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಳಚಿದ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಸುಟ್ಟ ವಾಸನೆ ಅಥವಾ ಕಿಡಿ ಕಂಡುಬಂದಲ್ಲಿ ಯಂತ್ರವನ್ನು ಮತ್ತೆ ಚಾಲನೆಗೊಳಿಸದೆ ಅನುಭವಿ ತಂತ್ರಜ್ಞರಿಗೆ ತೋರಿಸತಕ್ಕದ್ದು. ಮನೆಗೆ ವಿದ್ಯುತ್ ಪೂರೈಕೆಯೇ ಇಲ್ಲದಿದ್ದಲ್ಲಿ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ನೀಡಬಹುದು.

ಕೆಟ್ಟ ಬಿಡಿಭಾಗಗಳನ್ನು ಕಸದೊಂದಿಗೆ ಎಸೆಯದೆ ಅಥವಾ ಸುಡದೆ, 01-04-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ನೋಂದಾಯಿತ ಸಂಸ್ಕರಣಾಗಾರರಿಗೆ ತಲುಪಿಸಲು ಕೋರಲಾಗಿದೆ.