ಗದ್ದೆಯ ಕೆಸರೂ ನಗೆಯ ಅನಿಲವೂ

ಕಾಫಿಯ ಸೀಮೆಯೆಂದರೆ ಬರಿಯ ಗುಡ್ಡವೆಂದು ಹೊರಗಿನವರ ಭಾವನೆ. ಆದರೆ ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಳಸಗಳ ಕಡೆಗೆ ಹೊರಟರೆ ಎರಡು ಗುಡ್ಡಗಳ ನಡುವೆ ಒಂದು ತಗ್ಗು, ತಗ್ಗಿನಲ್ಲೊಂದು ಗದ್ದೆ ಅಥವಾ ಜೌಗು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮೇಲಿನ ತೋಟಗಳ ಮಳೆನೀರು ಇಲ್ಲಿಗಿಳಿದು, ಹಳ್ಳ ಸೇರಿ, ಭದ್ರೆಗೋ ಹೇಮಾವತಿಗೋ ಹೋಗಬೇಕು. ಈ ತಗ್ಗಿನ ಕೆಸರಿನಲ್ಲಿ ಕಣ್ಣಿಗೆ ಕಾಣದೆ ನಡೆಯುವ ಒಂದು ವ್ಯಾಪಾರವನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೆ ಗದ್ದೆಯ ಮನೆಯವನು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೂ ಗಿಡಗಳು ಅದನ್ನು ನೇರವಾಗಿ ಉಣ್ಣಲಾರವು. ಹಾಲುವಾಣದಂತಹ ಮರಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದುಕೊಡುತ್ತವೆ. ಹಿರಿಯರು ಕಾಫಿಗೆ ಹಾಲುವಾಣದ ನೆರಳು ಕೊಟ್ಟದ್ದರಲ್ಲಿ ಈ ಲಾಭವೂ ಇತ್ತು. ಸಿಲ್ವರ್ ಓಕ್ ಮರಕ್ಕೆ ಈ ಗುಣವಿಲ್ಲ. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದ ಮೇಲೆ ಈ ಕೆಲಸ ಕಾರ್ಖಾನೆಗೂ ಬಂದಿತು. ಇಂದು ನಾವು ಹೊರುವ 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವುಂಟು.

ತೋಟಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗುತ್ತದೆ. ಗಾಳಿಯಾಡುವ ಮಣ್ಣಿನ ಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟಿಗೆ ಮಣ್ಣನ್ನು ಅಂಟಿಕೊಂಡಿರುವ ಗುಣವಿಲ್ಲ. ಬೇರು ಹೀರಿ ಮಿಕ್ಕದ್ದು ನೀರಿನೊಡನೆ ತಗ್ಗಿಗಿಳಿಯುತ್ತದೆ. ಅಲ್ಲಿಯ ಕೆಸರಿನೊಳಗೆ ಗಾಳಿಯಿಲ್ಲ. ಆದರೆ ಕೆಸರಿನ ಜೀವಿಗಳೂ ಉಸಿರಾಡಬೇಕಷ್ಟೆ? ಅವು ನೈಟ್ರೇಟಿನಲ್ಲಿರುವ ಆಮ್ಲಜನಕಕ್ಕೆ ಕೈಹಾಕುತ್ತವೆ. ಒಂದೊಂದೇ ಪರಮಾಣುವನ್ನು ಕಿತ್ತುಕೊಳ್ಳುತ್ತ ನೈಟ್ರೈಟ್, ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಎಂಬ ಮೆಟ್ಟಿಲುಗಳನ್ನಿಳಿದು ಕಡೆಗೆ ಶುದ್ಧ ಸಾರಜನಕವನ್ನು ಬಿಟ್ಟುಕೊಡುತ್ತವೆ. ಗಾಳಿಯಿಂದ ತಂದ ಸಾಲ ಗಾಳಿಗೇ ಸಂದಾಯವಾಯಿತು. ಹಳ್ಳದ ನೀರೂ ತಿಳಿಯಾಯಿತು.

ಎಡವಟ್ಟೆಲ್ಲ ಕಡೆಯ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲೆ. ನೈಟ್ರಸ್ ಆಕ್ಸೈಡನ್ನು 1772ರಲ್ಲಿ ಪ್ರೀಸ್ಟ್ಲಿ ಕಂಡುಹಿಡಿದನು. 1799ರಲ್ಲಿ ಹಂಫ್ರಿ ಡೇವಿ ಅದನ್ನು ಮೂಸಿ ನಕ್ಕನು. ಹಾಗಾಗಿ ಅದಕ್ಕೆ ನಗೆಯ ಅನಿಲವೆಂದು ಹೆಸರು. ಹಲ್ಲು ಕೀಳುವ ವೈದ್ಯರಿಗೆ ಅದು ಉಪಕಾರಿ. ಆದರೆ ಆಕಾಶದಲ್ಲಿ ಅದರದು ನಗೆಯಲ್ಲ. ನೂರು ವರ್ಷಗಳ ಲೆಕ್ಕದಲ್ಲಿ, ಅದೇ ತೂಕದ ಇಂಗಾಲದ ಡೈ ಆಕ್ಸೈಡಿನ ಸುಮಾರು 273ರಷ್ಟು ಕಾವನ್ನು ಅದು ಹಿಡಿದಿಡುತ್ತದೆ. ಓಜೋನ್ ಪದರವನ್ನೂ ಸವೆಸುತ್ತದೆ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 270 ಇದ್ದದ್ದು ಈಗ 335ನ್ನು ದಾಟಿದೆ.

ಕಡೆಯ ಮೆಟ್ಟಿಲು ತಪ್ಪುವುದು ಯಾವಾಗ? ನೀರು ಸದಾ ನಿಂತ ಕೆಸರಿನಲ್ಲಿ ಅನಿಲ ಹೊರಬರುವ ಮುನ್ನವೇ ಬಹುಪಾಲು ಸಾರಜನಕವಾಗಿಬಿಡುತ್ತದೆ. ಅರೆ ಒದ್ದೆ, ಅರೆ ಒಣಗಿದ ನೆಲದಲ್ಲಿಯೇ ಕೆಲಸ ಕೆಡುವುದು. ಅಲ್ಲಲ್ಲಿ ಹೊಕ್ಕ ಗಾಳಿ ಕಡೆಯ ಹೆಜ್ಜೆಯ ಕಿಣ್ವವನ್ನು ತಡೆಯುತ್ತದೆ. ಹುಳಿಮಣ್ಣೂ ಹಾಗೆಯೇ ತಡೆಯುತ್ತದೆ. ಮಳೆಯಲ್ಲಿ ತೊಳೆದುಹೋದ ನಮ್ಮ ಮಲೆನಾಡಿನ ಮಣ್ಣು ಹುಳಿಯೆಂಬುದು ಸುಣ್ಣ ಹಾಕುವ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಒಣಗಿ ಬಿರಿದ ನೆಲದ ಮೇಲೆ ಹೂಮಳೆ ಬಿದ್ದಾಗಲಂತೂ ಮಣ್ಣಿನ ಜೀವಿಗಳು ಒಮ್ಮೆಗೇ ಎಚ್ಚೆತ್ತು, ಕೆಲವೇ ದಿನಗಳಲ್ಲಿ ಬಹಳ ಅನಿಲವನ್ನು ಬಿಡಬಲ್ಲವು.

ಹಾಗಾದರೆ ವರ್ಷವಿಡೀ ನೀರು ನಿಲ್ಲಿಸಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಕೆಸರೇ ಅಡ್ಡ ಬರುತ್ತದೆ. ನಾಟಿಯ ಗದ್ದೆಯಲ್ಲಿ ಕಾಲಿಟ್ಟಾಗ ಬುಳುಬುಳು ಏಳುವ ಗುಳ್ಳೆಗಳು ಬಹುಮಟ್ಟಿಗೆ ಮೀಥೇನಿನವು. ಇಟಲಿಯ ವೋಲ್ಟಾ 1776ರಲ್ಲಿ ಸರೋವರದ ಕೆಸರನ್ನು ಕೆದಕಿ ಹಿಡಿದದ್ದು ಇದನ್ನೇ. ಅದೂ ಕಾವು ಹಿಡಿಯುವ ಅನಿಲವೇ. ಒಂದನ್ನು ತಡೆದರೆ ಇನ್ನೊಂದು ಏಳುತ್ತದೆ.

ನಮ್ಮ ಮನೆಯ ಗದ್ದೆ ಆಳುಗಳಿಲ್ಲದೆ ಹಡ್ಲು ಬಿದ್ದಿದೆ. ಸುತ್ತಿನವರು ಹಲವರು ಇಂತಹವಕ್ಕೆ ಬಸಿಗಾಲುವೆ ತೆಗೆದು ಅಡಿಕೆ ಇಟ್ಟಿದ್ದಾರೆ, ಶುಂಠಿಗೆ ಕೊಟ್ಟಿದ್ದಾರೆ. ಚಿಕ್ಕಪ್ಪನವರ ಮನಸ್ಸೂ ಅತ್ತಲೇ. ಕಾಣದ ಅನಿಲವನ್ನು ನೆಚ್ಚಿ ಕಾಣುವ ಅಡಿಕೆಯನ್ನು ಬಿಡಲೇ ಎನ್ನುತ್ತಾರೆ. ಸಾಲ ತೀರಿಸುವವರು ಅವರಾದುದರಿಂದ ಆ ಮಾತನ್ನು ನಾನು ಹಗುರವೆಣಿಸಲಾರೆ. ಆದರೂ ಬಸಿದ ಗದ್ದೆಗೆ ಗಾಳಿ ಹೊಕ್ಕರೆ, ತಲೆಮಾರುಗಳಿಂದ ಕೊಳೆತು ಸೇರಿದ ಸತ್ತ್ವ ಕರಗುತ್ತದೆ. ಅದರ ಸಾರಜನಕಕ್ಕೆ ಯೂರಿಯಾ ಕೂಡುತ್ತದೆ. ನೆಲ ಅರೆ ಒದ್ದೆಯಾಗಿಯೇ ಇರುತ್ತದೆ. ನಗೆಯ ಅನಿಲಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇರಿಲ್ಲ. ಮೇಲಿನ ತೋಟದ ನೈಟ್ರೇಟ್ ತಡೆಯಿಲ್ಲದೆ ಹಳ್ಳ ಸೇರುವುದು ಬೇರೆ.

ಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಹಾಕುವುದು ಕಾಫಿ ತೋಟಗಳಲ್ಲಿ ಗೊತ್ತಿರುವ ಕ್ರಮವೇ. ಜಡಿಮಳೆಯ ಮುಂಚೆ ಹಾಕದೆ, ಮಣ್ಣು ಪರೀಕ್ಷಿಸಿ ಬೇಕಾದಷ್ಟನ್ನೇ ಹಾಕಿದರೆ ತಗ್ಗಿಗೆ ಇಳಿಯುವುದೂ ಕಡಿಮೆ, ಚೀಲದ ದುಡ್ಡೂ ಉಳಿತಾಯ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಯ ಸಂಶೋಧನಾ ಕೇಂದ್ರವಿದೆ. ಸಲಹೆಗೆ ದೂರ ಹೋಗಬೇಕಾಗಿಲ್ಲ. ಗದ್ದೆಯ ವಿಷಯದಲ್ಲಿ ನಾನು ಮನೆಯಲ್ಲಿ ಹೇಳಿರುವುದಿಷ್ಟು: ಮೇಲಿನ ಮಡಿಗಳಲ್ಲಿ ಅಡಿಕೆಯನ್ನಿಟ್ಟರೂ ಇಡಲಿ, ಹಳ್ಳಕ್ಕೆ ತಾಗಿದ ಕೆಳಗಿನ ಎರಡು ಮಡಿಗಳನ್ನು ಮಾತ್ರ ಬಸಿಯದೆ, ಗೊಬ್ಬರ ಹಾಕದೆ, ಹುಲ್ಲು ಬೆಳೆಯಲು ಬಿಡಬೇಕು.