ಗುಜರಿಗೆ ಮುಂಚೆ ಜೀಪಿನ ಹೊಗೆ ನೋಡಿ!

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆ ಹಳೇ ಮಹೀಂದ್ರ ಡೀಸೆಲ್ ಜೀಪನ್ನು ಶೆಡ್ಡಿನಲ್ಲಿ ಮಲಗಿಸಿರುವ ಸಾಹುಕಾರರೇ, ಗುಜರಿಗೆ ಹಾಕುವ ಮುನ್ನ ಒಂದು ಮಾತು.

ಸ್ಟಾರ್ಟ್ ಆಗಲಿಲ್ಲವೆಂದು ಇಂಜಿನ್ ಸತ್ತಿತು ಅನ್ನಬೇಡಿ. ಮೊದಲು ಇಂಜಿನ್ ಆಯಿಲ್ ನೋಡಿ. ಹಾಲು ಬೆರೆತ ಹಾಗಿದ್ದರೆ ನೀರು ಸೇರಿದೆ, ಕೀಲಿ ತಿರುಗಿಸಲೇಬೇಡಿ. ಇಲ್ಲವಾದರೆ ಹಳೇ ಡೀಸೆಲ್ ಸುರಿದು, ಫಿಲ್ಟರ್ ಬದಲಿಸಿ, ಲೈನಿನ ಗಾಳಿ ತೆಗೆಸಿ.

ಹೊಗೆ ಕಪ್ಪಾದರೆ ಏರ್ ಕ್ಲೀನರ್, ನಾಜಲ್ ನೋಡಿಸಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಂಪ್ರೆಷನ್ ನೋಡಿಸಿ. ಬೋರು ಸವೆದದ್ದು ಕಣ್ಣಾರೆ ಕಂಡ ಮೇಲೇ ಪಿಸ್ಟನ್, ರಿಂಗಿಗೆ ದುಡ್ಡು ಬಿಚ್ಚಿ.

ನಮ್ಮ ಬಯಲುಸೀಮೆ ಧೂಳೇ ಬೋರು ತಿನ್ನುವ ಗೆದ್ದಲು. ಏರ್ ಕ್ಲೀನರ್ ಕೊಳಕಾಗಿಯೇ ಇದ್ದರೆ ಹೊಸ ರಿಂಗೂ ಹೊಗೆಯಾಯ್ತು ಅಂತಲೇ ಲೆಕ್ಕ!

15 ವರ್ಷ ದಾಟಿದ ಸ್ವಂತ ಗಾಡಿಗೆ ನೋಂದಣಿ ನವೀಕರಣ ಬೇಕೇ ಬೇಕು. ಮೊದಲು ಮಧುಗಿರಿ ಆರ್.ಟಿ.ಓ.ದಲ್ಲಿ ವಿಚಾರಿಸಿ, ಆಮೇಲೆ ಮೆಕ್ಯಾನಿಕ್‌ಗೆ ಅಡ್ವಾನ್ಸ್ ಕೊಡಿ.